ಕೀಲಿಮಣೆಯ ಗಾಲ್ಫ್ ಪಂದ್ಯ

ಗಾಲ್ಫ್ ಆಟದಲ್ಲಿ ಅತ್ಯಲ್ಪ ಹೊಡೆತಗಳಿಂದ ಚೆಂಡನ್ನು ಕುಳಿಗೆ ಸೇರಿಸಿದವರೇ ಗೆದ್ದವರಷ್ಟೆ. ಗಣಕಯಂತ್ರದಲ್ಲಿಯೂ ಅಂತಹ ಪಂದ್ಯವೊಂದುಂಟು. ಕೊಟ್ಟ ಬರಹವನ್ನು ಆದಷ್ಟು ಕಡಿಮೆ ಸಲ ಕೀಲಿಗಳನ್ನೊತ್ತಿ ಬೇಕಾದ ರೂಪಕ್ಕೆ ತರಬೇಕು. ಹಾಲೆಂಡಿನ ದಿವಂಗತ ಬ್ರಾಮ್ ಮೋಲೆನಾರರು 1991ರಲ್ಲಿ ಹೊರತಂದ ‘ವಿಮ್’ ಎಂಬ ಬರಹ ತಿದ್ದುವ ಸಾಧನವು ಇದಕ್ಕೆ ಹೆಸರಾದುದು.

1ರಿಂದ 100ರವರೆಗೆ ಸಾಲಿಗೊಂದರಂತೆ ಬರೆಯಬೇಕೆನ್ನೋಣ. ಕೈಯಿಂದ ಬರೆದರೆ ಅಂಕಿಗಳಿಗೇ 192 ಸಲ ಒತ್ತಬೇಕು. ಜಾಣೆಯಾದವಳು 1 ಎಂದು ಬರೆದು, ಆ ಸಾಲನ್ನು ನಕಲುಮಾಡಿ, ನಕಲಿಗೆ ಒಂದನ್ನು ಕೂಡಿಸಿ 2 ಮಾಡುವಳು. ಈ ಕ್ರಮವನ್ನು ಯಂತ್ರದ ನೆನಪಿನಲ್ಲಿರಿಸಿ, ಇನ್ನು 98 ಸಲ ಹೀಗೆಯೇ ನಡೆಸೆಂದು ಆಜ್ಞಾಪಿಸುವಳು. ಹದಿನಾಲ್ಕೇ ಒತ್ತಿಗೆ ಕಾರ್ಯ ಮುಗಿಯಿತು!

ಆದರೆ ಮೊದಲು ಕಲಿಸಿದುದರಲ್ಲಿ ತಪ್ಪಿದ್ದರೆ ಯಂತ್ರವು ಅದನ್ನೂ 98 ಸಲ ಮಾಡುವುದು. ಆದಕಾರಣ ಇಲ್ಲಿ ಗೆಲ್ಲುವುದು ಬೆರಳಿನ ವೇಗವಲ್ಲ, ಬೆರಳಿಡುವ ಮುಂಚಿನ ಯೋಚನೆ.