ಹುಲ್ಲಿನ ಪರಾಗವೆಲ್ಲ ಒಂದೇ ಅಲ್ಲ

ಸೀನು ಶುರುವಾದರೆ ಮೊದಲು ಬೈಸಿಕೊಳ್ಳುವುದು ಅಂಗಳದ ಬಣ್ಣದ ಹೂಗಳು. ಪಾಪ, ದಾಸವಾಳದ ಪರಾಗ ದಪ್ಪ, ಅಂಟಂಟು. ಗಾಳಿಯಲ್ಲಿ ಹೆಚ್ಚು ದೂರ ತೇಲುವಂಥದ್ದಲ್ಲ. ಗಾಳಿಯನ್ನೇ ನಂಬಿ ಬದುಕುವುದು ಹುಲ್ಲು. ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿ ತನ್ನ ಮೇಲೆಯೇ ಪ್ರಯೋಗ ಮಾಡಿಕೊಂಡು, 'ಹೇ ಫೀವರ್' ಎಂಬ ಸೀನು-ನೆಗಡಿಗೆ ಹುಲ್ಲಿನ ಪರಾಗ ಕಾರಣವೆಂದು 1873ರಲ್ಲೇ ಬರೆದಿದ್ದ.

ಇಷ್ಟನ್ನು ಒಪ್ಪಿದವರೂ ಮುಂದೆ ಎಡವುತ್ತಾರೆ: "ಹುಲ್ಲು ಯಾವುದಾದರೇನು, ಪರಾಗ ಒಂದೇ ತಾನೆ?"

ಅಲ್ಲ. ಅಲರ್ಜಿ ಕೆರಳಿಸುವುದು ಪರಾಗದೊಳಗಿನ ಕೆಲವು ಪ್ರೋಟೀನುಗಳು. ಸಸ್ಯದ ವೈಜ್ಞಾನಿಕ ಹೆಸರಿನ ಮೊದಲಕ್ಷರಗಳಿಗೆ ಒಂದು ಸಂಖ್ಯೆ ಸೇರಿಸಿ ಅವಕ್ಕೆ ಹೆಸರಿಡುತ್ತಾರೆ. ತಂಪು ಸೀಮೆಯ ರೈ ಹುಲ್ಲಿನದು 'ಲೋಲ್ ಪಿ 1', ನಮ್ಮ ಗರಿಕೆಯದು 'ಸಿನ್ ಡಿ 1'. ಆ ಸಂಖ್ಯೆಯೇ ಗುಂಪಿನ ಗುರುತು. ಈ 1ನೇ ಗುಂಪಿನ ಪ್ರೋಟೀನುಗಳ ಕೆಲಸ, ಪರಾಗನಾಳ ಇಳಿಯಲೆಂದು ಹೆಣ್ಣುಭಾಗದ ಜೀವಕೋಶಗಳ ಗೋಡೆ ಸಡಿಲಿಸುವುದು. ರೈ, ಗರಿಕೆ ಎರಡರವೂ ಒಂದನ್ನೊಂದು ಹೋಲುತ್ತವೆ, ಆದರೆ ಪಡಿಯಚ್ಚಲ್ಲ. 5ನೇ ಗುಂಪಿನ ಕಥೆಯೇ ಬೇರೆ: ರೈ, ತಿಮೊಥಿಯಂಥ ತಂಪು ಸೀಮೆಯ ಹುಲ್ಲುಗಳಲ್ಲಿ ಅದೂ ಪ್ರಬಲ, ಗರಿಕೆಯಲ್ಲಿ ಅದು ಇಲ್ಲವೇ ಇಲ್ಲ.

ಒಂದೇ ಹುಲ್ಲಿನೊಳಗೂ ಒಂದೇ ಪ್ರೋಟೀನು ಹಲವು ರೂಪಗಳಲ್ಲಿರುತ್ತದೆ. ಅಲ್ಲೊಂದು ಇಲ್ಲೊಂದು ಅಮೈನೊ ಆಮ್ಲ ಬದಲಾಗಿರುತ್ತದೆ, ಅಷ್ಟೆ. ಆದರೆ ಅಲರ್ಜಿಯವರ ರಕ್ತದ ಐಜಿಇ ಪ್ರತಿಕಾಯ ಒಂದು ರೂಪವನ್ನು ಗಟ್ಟಿಯಾಗಿ ಹಿಡಿದು, ಇನ್ನೊಂದನ್ನು ಸುಮ್ಮನೆ ಬಿಟ್ಟುಬಿಡಬಹುದು.

ಈ ವ್ಯತ್ಯಾಸದ ಬಿಸಿ ತಟ್ಟುವುದು ಚಿಕಿತ್ಸೆ, ಪರೀಕ್ಷೆಗಳಲ್ಲಿ. ಅಮೆರಿಕದಲ್ಲಿ 2014ರಲ್ಲಿ ಒಪ್ಪಿಗೆ ಪಡೆದ, ನಾಲಿಗೆಯಡಿ ಇಡುವ ಹುಲ್ಲಿನಲರ್ಜಿ ಮಾತ್ರೆಗಳಲ್ಲಿ ಇರುವುದು ತಂಪು ಸೀಮೆಯ ಹುಲ್ಲುಗಳ ಪರಾಗವೇ, ಗರಿಕೆಯದಲ್ಲ. ಚರ್ಮಕ್ಕೆ ಚುಚ್ಚಿ ನೋಡುವ ಪರೀಕ್ಷೆಯಲ್ಲಿ ತಿಮೊಥಿಗೆ ಗುಳ್ಳೆ ಏಳಲಿಲ್ಲವೆಂದ ಮಾತ್ರಕ್ಕೆ ಗರಿಕೆಗೂ ಏಳದು ಎನ್ನುವಂತಿಲ್ಲ. ಯಾವ ಹುಲ್ಲಿನ ಸಾರ ಹಾಕಿ ನೋಡಿದಿರಿ ಎಂದು ವೈದ್ಯರನ್ನು ಕೇಳಲು ಸಂಕೋಚವೇಕೆ?

ಇನ್ನೊಂದು ನಂಬಿಕೆ, ಮಳೆ ಬಂದರೆ ಪರಾಗವೆಲ್ಲ ತೊಳೆದು ಹೋಗುತ್ತದೆ ಎಂಬುದು. ಜಿಟಿಜಿಟಿ ಮಳೆ ಗಾಳಿಯನ್ನು ತೊಳೆಯುವುದು ನಿಜ. ಗುಡುಗು ಮಳೆ ಹಾಗಲ್ಲ. ರೈ ಹುಲ್ಲಿನ ಪರಾಗ ತೇವ ಹೀರಿ ಒಡೆದಾಗ ಒಳಗಿನ ಪಿಷ್ಟದ ಕಣಗಳು ಹೊರಬೀಳುತ್ತವೆ. ಇಡೀ ಪರಾಗವಾದರೆ ಮೂಗು ತಡೆಯುತ್ತದೆ. ಸುಮಾರು 3 ಮೈಕ್ರಾನಿನ ಈ ಕಣಗಳು, ಅದೇ 5ನೇ ಗುಂಪಿನ ಪ್ರೋಟೀನು ಹೊತ್ತು, ಶ್ವಾಸಕೋಶದ ಆಳಕ್ಕೇ ಇಳಿಯುತ್ತವೆ. 2016ರ ನವೆಂಬರ್ 21ರ ಸಂಜೆ ಮೆಲ್ಬರ್ನ್‌ನಲ್ಲಿ ಗುಡುಗು ಮಳೆಯ ಬೆನ್ನಿಗೇ ಸಾವಿರಾರು ಜನ ಉಸಿರಿಗೆ ಪರದಾಡುತ್ತ ಆಸ್ಪತ್ರೆಗೆ ಧಾವಿಸಿದರು. ಹತ್ತು ಮಂದಿ ತೀರಿಕೊಂಡರು. ಆಸ್ಪತ್ರೆ ಸೇರಿದವರಲ್ಲಿ ಹಲವರಿಗೆ ಅದುವರೆಗೆ ಆಸ್ತಮಾ ಇದ್ದಿದ್ದೇ ಇಲ್ಲ; ಹುಲ್ಲು ಹೂ ಬಿಡುವ ಕಾಲದಲ್ಲಿ ಸೀನು, ಮೂಗು ಸೋರುವುದು ಅಷ್ಟೇ ಇತ್ತು.