ಗ್ರಂಥದಾಸೋಹ: ಅಂತರ್‌ಗ್ರಂಥಾಲಯ ಎರವಲು ಮತ್ತು ಮಠಗಳ ಭಂಡಾರ

ದಾಸೋಹವೆಂದರೆ ಅನ್ನವನ್ನು ನೀಡುವುದಷ್ಟೇ ಅಲ್ಲ. ತನ್ನಲ್ಲಿರುವುದು ತನ್ನದಲ್ಲವೆಂಬ ಅರಿವಿನಿಂದ ಅದನ್ನು ಸಮಾಜಕ್ಕೆ ಸಲ್ಲಿಸುವುದು. ಅನ್ನದಾಸೋಹದೊಡನೆ ಜ್ಞಾನದಾಸೋಹವೂ ಮಠಗಳ ಪರಂಪರೆಯಲ್ಲಿ ಬೆಳೆದುಬಂದಿದೆ. ಆದರೆ ಇವೆರಡರಲ್ಲಿ ಒಂದು ಭೇದವುಂಟು. ಅನ್ನವನ್ನು ಕೊಟ್ಟವರು ಅದನ್ನು ಮರಳಿ ಕೇಳುವುದಿಲ್ಲ. ಗ್ರಂಥವನ್ನು ಕೊಟ್ಟವರು ಮರಳಿ ಪಡೆಯಲೇಬೇಕು, ಏಕೆಂದರೆ ಅದು ಮುಂದೆ ಬರುವ ಓದುಗನಿಗೂ ಸಲ್ಲಬೇಕಾದುದು. ಈ ಭೇದವನ್ನು ಅರಿತು ರೂಪುಗೊಂಡ ವ್ಯವಸ್ಥೆಯೇ ಇಂದಿನ ವಿಶ್ವವಿದ್ಯಾಲಯಗಳಲ್ಲಿ ನಡೆದುಬಂದಿರುವ ಅಂತರ್‌ಗ್ರಂಥಾಲಯ ಎರವಲು. ಒಂದು ಗ್ರಂಥಾಲಯವು ತನ್ನಲ್ಲಿಲ್ಲದ ಗ್ರಂಥವನ್ನು ಇನ್ನೊಂದರಿಂದ ತರಿಸಿ ತನ್ನ ಓದುಗನಿಗೆ ಒದಗಿಸುವ ಈ ಕ್ರಮದ ಸ್ವರೂಪವೇನು, ಶರಣಸಾಹಿತ್ಯದ ಅಭ್ಯಾಸಕ್ಕೆ ಅದರಿಂದ ಆಗುವ ಪ್ರಯೋಜನವೇನು ಎಂಬುದು ವಿಚಾರಣೀಯವಾಗಿದೆ.

ನೆಲದ ಸಂಪತ್ತು, ಗ್ರಂಥದ ಕೊರತೆ

ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ನೆಲವು ಶರಣಪರಂಪರೆಯಲ್ಲಿ ಹಿರಿದಾದ ಸ್ಥಾನವನ್ನು ಪಡೆದಿದೆ. ಏಕಾಂತದ ರಾಮಯ್ಯನು ಆಳಂದೆಯವನೆಂಬುದನ್ನು ಅಬ್ಬಲೂರಿನ ಶಾಸನವು ಸಾರುತ್ತದೆ. ಹದಿನೇಳನೆಯ ಶತಮಾನದ ವಚನಕಾರ ಷಣ್ಮುಖ ಶಿವಯೋಗಿಗಳು ಜೇವರ್ಗಿಯವರು. ತತ್ತ್ವಪದಗಳ ಕಡಕೋಳ ಮಡಿವಾಳಪ್ಪನವರ ಊರು ಹಿಂದೆ ಜೇವರ್ಗಿ ತಾಲೂಕಿಗೇ ಸೇರಿತ್ತು. ಹೀಗಿದ್ದರೂ ಈ ಮಹನೀಯರ ಕೃತಿಗಳನ್ನು ಪಾಠಾಂತರಸಹಿತವಾಗಿ ಓದಬಯಸುವ ಇಲ್ಲಿಯ ವಿದ್ಯಾರ್ಥಿಯು ಬಹುಕಾಲ ದೂರದ ಊರುಗಳತ್ತ ನೋಡಬೇಕಾಯಿತು.

ಅದಕ್ಕೆ ಕಾರಣ ಇತಿಹಾಸದಲ್ಲಿದೆ. 1948ರವರೆಗೆ ಈ ಪ್ರದೇಶವು ನಿಜಾಮರ ಆಳ್ವಿಕೆಗೆ ಒಳಪಟ್ಟಿತ್ತು. ಆಡಳಿತ ಮತ್ತು ಉನ್ನತ ಶಿಕ್ಷಣಗಳಲ್ಲಿ ಉರ್ದುವಿಗೆ ಪ್ರಾಧಾನ್ಯವಿದ್ದಿತು. 1956ರಲ್ಲಿ ಕನ್ನಡನಾಡು ಒಂದಾಯಿತು. ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವು ಕಲಬುರಗಿಗೆ ಬಂದುದು 1970ರಲ್ಲಿ. ಅದು ಗುಲಬರ್ಗಾ ವಿಶ್ವವಿದ್ಯಾಲಯವಾಗಿ ಬೆಳೆದುದು 1980ರಲ್ಲಿ. ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವು ಸ್ಥಾಪಿತವಾದುದು 2009ರಲ್ಲಿ. ಈ ಕೊನೆಯದು ಆಳಂದ ತಾಲೂಕಿನ ಕಡಗಂಚಿಯಲ್ಲೇ ನೆಲೆಸಿದೆ. ಆದರೆ ಫ. ಗು. ಹಳಕಟ್ಟಿಯವರು ಮನೆಮನೆ, ಮಠಮಠಗಳಿಂದ ತಾಡೋಲೆಗಳನ್ನು ಸಂಗ್ರಹಿಸಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿದುದು 1923ರಲ್ಲಿ, ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದುದು 1926ರಲ್ಲಿ. ಅಂದಿನ ಮುದ್ರಣಗಳನ್ನು ಹೊಸದಾಗಿ ಹುಟ್ಟಿದ ಗ್ರಂಥಾಲಯವು ಅಂಗಡಿಯಿಂದ ಕೊಂಡು ತುಂಬಿಸಿಕೊಳ್ಳಲಾರದು. ಹಣವಿದ್ದರೂ ಸಿಗದ ಗ್ರಂಥಕ್ಕೆ ಎರವಲೊಂದೇ ದಾರಿ.

ಎರವಲಿನ ಕ್ರಮ

ಕಿಣ್ಣಿ ಸುಲ್ತಾನದಂಥ ಗ್ರಾಮದಿಂದ ವಿಶ್ವವಿದ್ಯಾಲಯಕ್ಕೆ ಬಂದ ವಿದ್ಯಾರ್ಥಿಯೊಬ್ಬನು ಷಣ್ಮುಖ ಶಿವಯೋಗಿಗಳ ವಚನಗಳನ್ನು ಅಭ್ಯಾಸಕ್ಕೆ ಆರಿಸಿಕೊಂಡನೆಂದು ಭಾವಿಸೋಣ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸರ್ಕಾರವು ಹೊರತಂದ ಹದಿನೈದು ಸಂಪುಟಗಳ ಸಮಗ್ರ ವಚನ ಸಂಪುಟವು ಅವನಿಗೆ ದೊರೆಯುತ್ತದೆ. ಆದರೆ ಒಂದು ಶಬ್ದದ ಪಾಠವು ಸಂಶಯಾಸ್ಪದವಾದಾಗ ಹಿಂದಿನ ಮುದ್ರಣವನ್ನೂ, ಸಾಧ್ಯವಾದರೆ ಓಲೆಗರಿಯನ್ನೂ ನೋಡದೆ ಗತ್ಯಂತರವಿಲ್ಲ. ಆಗ ಅವನು ತನ್ನ ಗ್ರಂಥಪಾಲಕರಿಗೆ ಬೇಡಿಕೆಯ ಪತ್ರವನ್ನು ಕೊಡುತ್ತಾನೆ. ಗ್ರಂಥಪಾಲಕರು ಮೊದಲು ಸ್ವಂತ ಸಂಗ್ರಹವನ್ನು, ತರುವಾಯ ಸಂಯುಕ್ತ ಸೂಚಿಯನ್ನು, ಎಂದರೆ ಹಲವು ಗ್ರಂಥಾಲಯಗಳ ಪುಸ್ತಕಗಳನ್ನು ಒಂದೆಡೆ ತೋರಿಸುವ ಪಟ್ಟಿಯನ್ನು ಪರಿಶೀಲಿಸುತ್ತಾರೆ. ಗ್ರಂಥವಿರುವ ಎಡೆ ತಿಳಿದರೆ ಆ ಗ್ರಂಥಾಲಯಕ್ಕೆ ಬೇಡಿಕೆ ಹೋಗುತ್ತದೆ. ಗ್ರಂಥವು ಅಂಚೆಯಲ್ಲಿ ಬಂದು, ಗೊತ್ತಾದ ಅವಧಿಯವರೆಗೆ ಇಲ್ಲಿದ್ದು, ಮರಳಿ ಹೋಗುತ್ತದೆ.

ಈ ಕ್ರಮದ ಜೀವಾಳವು ಒಂದೇ ಮಾತಿನಲ್ಲಿದೆ: ಗ್ರಂಥವು ವ್ಯಕ್ತಿಯ ಕೈಗೆ ಹೋಗುವುದಿಲ್ಲ, ಸಂಸ್ಥೆಯ ಕೈಗೆ ಹೋಗುತ್ತದೆ. ಅದು ಕಳೆದರೆ ಅಥವಾ ಕೆಟ್ಟರೆ ತರಿಸಿಕೊಂಡ ಗ್ರಂಥಾಲಯವೇ ಹೊಣೆ. ಬಹು ವಿರಳವಾದ ಗ್ರಂಥ, ಹಸ್ತಪ್ರತಿ, ಪತ್ರಿಕೆಯ ಬಿಡಿ ಸಂಚಿಕೆ ಇವುಗಳನ್ನು ಸಾಮಾನ್ಯವಾಗಿ ಕಳುಹಿಸದೆ, ಬೇಕಾದ ಪುಟಗಳ ಪ್ರತಿಯನ್ನಷ್ಟೇ ಕಳುಹಿಸಲಾಗುತ್ತದೆ. ಹೀಗೆ ಮೂಲವು ನೆಲೆಯಲ್ಲೇ ಉಳಿದು ಅದರ ಅರಿವು ಮಾತ್ರ ಸಂಚರಿಸುತ್ತದೆ.

ಇಂಥ ಸಹಕಾರದ ತಾತ್ತ್ವಿಕ ಆಧಾರವನ್ನು ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಕಾಣಬಹುದು. ಪ್ರತಿಯೊಬ್ಬ ಓದುಗನಿಗೂ ಅವನ ಗ್ರಂಥವು ದೊರೆಯಬೇಕು, ಪ್ರತಿಯೊಂದು ಗ್ರಂಥಕ್ಕೂ ಅದರ ಓದುಗನು ದೊರೆಯಬೇಕು ಎಂಬುದು ಅವುಗಳಲ್ಲಿ ಎರಡರ ತಾತ್ಪರ್ಯ. ಒಂದೇ ಗ್ರಂಥಾಲಯವು ಈ ಎರಡನ್ನೂ ಪೂರೈಸಲಾರದು. ದೆಹಲಿಯ ಗ್ರಂಥಾಲಯಗಳು 1988ರಲ್ಲಿ ಕೂಡಿಕೊಂಡು ಆರಂಭಿಸಿದ ಡೆಲ್‌ನೆಟ್, ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಆಶ್ರಯದಲ್ಲಿ 1991ರಲ್ಲಿ ಆರಂಭವಾಗಿ 1996ರಲ್ಲಿ ಸ್ವಾಯತ್ತತೆ ಪಡೆದ ಇನ್‌ಫ್ಲಿಬ್‌ನೆಟ್ ಈ ಅರಿವಿನ ಫಲಗಳು. ಇನ್‌ಫ್ಲಿಬ್‌ನೆಟ್ ವಿಶ್ವವಿದ್ಯಾಲಯಗಳ ಸಂಯುಕ್ತ ಸೂಚಿಯನ್ನೂ, ಸಂಶೋಧನ ಪ್ರಬಂಧಗಳ ‘ಶೋಧಗಂಗಾ’ ಭಂಡಾರವನ್ನೂ ನಡೆಸುತ್ತಿದೆ. ಹಿಂದೆ ಒಂದು ಪ್ರಬಂಧವನ್ನು ನೋಡಲು ಧಾರವಾಡಕ್ಕೋ ಮೈಸೂರಿಗೋ ಪ್ರಯಾಣ ಮಾಡಬೇಕಾಗಿದ್ದ ವಿದ್ಯಾರ್ಥಿಯು ಇಂದು ಅನೇಕ ಪ್ರಬಂಧಗಳನ್ನು ಕುಳಿತಲ್ಲೇ ಓದಬಲ್ಲನು.

ಕನ್ನಡದ ವಿಶೇಷ ತೊಡಕು

ಗಣಕಯಂತ್ರ ಮತ್ತು ಅಂತರ್ಜಾಲಗಳು ಬಂದ ಮೇಲೆ ಎರವಲಿನ ಅಗತ್ಯವೇ ತೀರಿತೆಂದು ಭಾವಿಸುವವರುಂಟು. 2025ರ ಜನವರಿಯಿಂದ ಜಾರಿಗೆ ಬಂದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯು ಸುಮಾರು 13,000 ಪತ್ರಿಕೆಗಳನ್ನು ಸರ್ಕಾರಿ ವಿದ್ಯಾಸಂಸ್ಥೆಗಳಿಗೆ ತೆರೆದಿದೆ. ಮೂರು ವರ್ಷಗಳಿಗೆ 6,000 ಕೋಟಿ ರೂಪಾಯಿಗಳನ್ನು ಅದಕ್ಕಾಗಿ ಮೀಸಲಿರಿಸಲಾಗಿದೆ. ರಸಾಯನಶಾಸ್ತ್ರದ ವಿದ್ಯಾರ್ಥಿಗೆ ಇದು ಮಹದುಪಕಾರ. ಆದರೆ ಈ ಪತ್ರಿಕೆಗಳು ಬಹುಮಟ್ಟಿಗೆ ಅಂತರರಾಷ್ಟ್ರೀಯ ಪ್ರಕಾಶಕರ ಇಂಗ್ಲಿಷ್ ಪತ್ರಿಕೆಗಳು. ವಿದೇಶದ ಲೇಖನವು ಕ್ಷಣಮಾತ್ರದಲ್ಲಿ ದೊರೆಯುವ ಕೊಠಡಿಯಲ್ಲೇ ಕುಳಿತು, ತನ್ನ ತಾಲೂಕಿನ ವಚನಕಾರನ ಹಳೆಯ ಮುದ್ರಣಕ್ಕಾಗಿ ಕನ್ನಡದ ವಿದ್ಯಾರ್ಥಿಯು ವಾರಗಟ್ಟಲೆ ಕಾಯಬೇಕಾಗುತ್ತದೆ.

ಇನ್ನೊಂದು ತೊಡಕು ಹೆಸರಿನದು. ಸೂಚಿಗಳಲ್ಲಿ ಕನ್ನಡ ಗ್ರಂಥದ ಹೆಸರನ್ನು ರೋಮನ್ ಲಿಪಿಯಲ್ಲಿ ಬರೆದಾಗ ಒಬ್ಬೊಬ್ಬರು ಒಂದೊಂದು ಬಗೆಯಲ್ಲಿ ಬರೆಯುತ್ತಾರೆ. ಷಕಾರ ಶಕಾರಗಳೂ ದೀರ್ಘ ಹ್ರಸ್ವಗಳೂ ಅಲ್ಲಿ ಕಲಸಿಹೋಗುತ್ತವೆ. ಒಬ್ಬ ವಚನಕಾರನೇ ಒಂದೆಡೆ ಷಣ್ಮುಖಸ್ವಾಮಿ, ಇನ್ನೊಂದೆಡೆ ಷಣ್ಮುಖ ಶಿವಯೋಗಿ, ಮತ್ತೊಂದೆಡೆ ‘ಅಖಂಡೇಶ್ವರ’ ಎಂಬ ಅಂಕಿತದಿಂದ ಮಾತ್ರ ಸೂಚಿತನಾಗುತ್ತಾನೆ. ಇರುವ ಗ್ರಂಥವು ಇಲ್ಲವೆಂದು ಉತ್ತರ ಬರುವುದು ಹೀಗೆ. ಕನ್ನಡ ಲಿಪಿಯಲ್ಲೇ ಸೂಚಿ ರಚಿತವಾಗಿ, ಪರ್ಯಾಯ ನಾಮಗಳೂ ಅಂಕಿತವೂ ನಮೂದಾದರೆ ಈ ದೋಷವು ಬಹುಪಾಲು ನಿವಾರಣೆಯಾಗುತ್ತದೆ.

ಮಠಗಳ ಭಂಡಾರ

ಎಲ್ಲಕ್ಕಿಂತ ಮುಖ್ಯವಾದ ಮಾತು ಮತ್ತೊಂದಿದೆ. ವಿಶ್ವವಿದ್ಯಾಲಯಗಳು ತಮ್ಮತಮ್ಮಲ್ಲಿ ಎಷ್ಟೇ ಹಂಚಿಕೊಂಡರೂ, ಮಠಗಳಲ್ಲಿಯೂ ಹಳೆಯ ಮನೆತನಗಳಲ್ಲಿಯೂ ಇರುವ ಗ್ರಂಥರಾಶಿಯು ಯಾವ ಸಂಯುಕ್ತ ಸೂಚಿಗೂ ಸೇರದೆ ಉಳಿದಿದ್ದರೆ ಆ ಹಂಚಿಕೆಯು ಅರ್ಧವೇ ಸರಿ. ಈ ಭಂಡಾರಗಳನ್ನು ತೆರೆಯಲು ಹಿರಿಯರು ಹಿಂಜರಿಯುವುದುಂಟು. ಆ ಹಿಂಜರಿಕೆಯನ್ನು ಅಜ್ಞಾನವೆಂದು ತೆಗೆದುಹಾಕುವುದು ನ್ಯಾಯವಲ್ಲ. ಓದಿ ಕೊಡುವೆವೆಂದು ಒಯ್ದ ಕಟ್ಟುಗಳು ಮರಳಿ ಬಾರದೆ ಹೋದ ನೆನಪು ಹಲವೆಡೆ ಇದೆ. ಕಾಪಾಡಿದವರಿಗೆ ನಷ್ಟ, ಒಯ್ದವರಿಗೆ ಕೀರ್ತಿ ಎಂಬಂತಾದರೆ ಮುಂದೆ ಯಾರು ಕೊಟ್ಟಾರು?

ಅಂತರ್‌ಗ್ರಂಥಾಲಯ ಎರವಲಿನ ನಿಯಮಗಳು ಈ ಭಯಕ್ಕೇ ಉತ್ತರವಾಗಿವೆ. ಮೂಲ ಪ್ರತಿಯು ಮಠವನ್ನು ಬಿಟ್ಟು ಹೋಗಬೇಕಾಗಿಲ್ಲ. ಅಲ್ಲಿಯೇ ಛಾಯಾಪ್ರತಿ ತೆಗೆದರೆ ಸಾಕು. ಬೇಡಿಕೆಯು ವ್ಯಕ್ತಿಯಿಂದಲ್ಲ, ವಿಶ್ವವಿದ್ಯಾಲಯದ ಗ್ರಂಥಾಲಯದಿಂದಲೇ ಲಿಖಿತವಾಗಿ ಬರಬೇಕೆಂದು ಮಠವು ವಿಧಿಸಬಹುದು. ಪ್ರಕಟವಾಗುವ ಕೃತಿಯಲ್ಲಿ ಪ್ರತಿಯ ಮೂಲವನ್ನು ಹೆಸರಿಸುವುದು ಸಂಶೋಧಕನ ಕರ್ತವ್ಯ. ಕೊಡುವವರ ಗೌರವವೂ ಪಡೆಯುವವರ ಹೊಣೆಯೂ ಕಾಗದದ ಮೇಲೆ ಸ್ಪಷ್ಟವಾದರೆ ವಿಶ್ವಾಸವು ತಾನಾಗಿ ಬೆಳೆಯುತ್ತದೆ.

ಮೊದಲ ಹೆಜ್ಜೆ ಪಟ್ಟಿ. ಪ್ರತಿಯೊಂದು ಕಟ್ಟಿಗೂ ಒಂದು ಸಂಖ್ಯೆಯನ್ನು ಕೊಟ್ಟು, ಕೃತಿಯ ಹೆಸರು, ಕರ್ತೃ, ಅಂಕಿತ, ಗರಿಗಳ ಸಂಖ್ಯೆ, ಉದ್ದಗಲ, ಆದಿ ಅಂತ್ಯದ ಪಂಕ್ತಿಗಳು, ಲಿಪಿಕಾರನ ಹೆಸರು, ಶಕವರ್ಷ ಸಂವತ್ಸರಗಳು, ಪ್ರತಿಯ ಸ್ಥಿತಿ ಇವನ್ನು ಬರೆದಿಡಬೇಕು. ವಚನದ ಕಟ್ಟುಗಳಲ್ಲಿ ಹೆಚ್ಚಿನ ಎಚ್ಚರ ಅಗತ್ಯ. ಷಟ್‌ಸ್ಥಲದ ಕ್ರಮದಲ್ಲಿ ಸಂಕಲಿಸಿದ ಒಂದೇ ಕಟ್ಟಿನಲ್ಲಿ ಹಲವು ಶರಣರ ವಚನಗಳು ಬೆರೆತಿರುತ್ತವೆ. ಕಟ್ಟಿನ ಹೆಸರೊಂದನ್ನೇ ಬರೆದರೆ ಒಳಗಿರುವ ಶರಣರು ಮರೆಯಾಗುತ್ತಾರೆ. ಆದುದರಿಂದ ಅಂಕಿತಗಳ ಪ್ರತ್ಯೇಕ ಪಟ್ಟಿ ಬೇಕು. ಇದು ದುಬಾರಿಯ ಕೆಲಸವಲ್ಲ. ಹಳೆಯ ಲಿಪಿ ಬಲ್ಲ ಹಿರಿಯರೊಬ್ಬರು, ಬರೆದುಕೊಳ್ಳುವ ವಿದ್ಯಾರ್ಥಿ ಒಬ್ಬನು, ಒಂದಷ್ಟು ತಾಳ್ಮೆ ಇದ್ದರೆ ಸಾಗುತ್ತದೆ. ಹಸ್ತಪ್ರತಿಗಳ ರಾಷ್ಟ್ರೀಯ ಯೋಜನೆ 2003ರಲ್ಲಿ ಆರಂಭವಾಗಿ, ‘ಜ್ಞಾನ ಭಾರತಂ’ ಎಂಬ ಹೆಸರಿನ ಹೊಸ ಯೋಜನೆಯು 2025ರಲ್ಲಿ ಘೋಷಿತವಾಗಿರುವುದರಿಂದ ಸರ್ಕಾರದ ನೆರವಿಗೂ ಅವಕಾಶವಿದೆ.

ಕಾನೂನಿನ ವಿಚಾರವನ್ನೂ ತಿಳಿದಿರಬೇಕು. ಪ್ರಾಚೀನ ವಚನಗಳಿಗೆ ಕೃತಿಸ್ವಾಮ್ಯವಿಲ್ಲ; ಆಧುನಿಕ ಸಂಪಾದಕರ ಪ್ರಸ್ತಾವನೆ, ಟಿಪ್ಪಣಿಗಳಿಗೆ ಉಂಟು. 1957ರ ಕಾಯಿದೆಯ ಪ್ರಕಾರ ಅದು ಲೇಖಕರ ನಿಧನಾನಂತರ 60 ವರ್ಷ ಊರ್ಜಿತದಲ್ಲಿರುತ್ತದೆ. ಹಳಕಟ್ಟಿಯವರು ಲಿಂಗೈಕ್ಯರಾದುದು 1964ರಲ್ಲಿ. ಆದುದರಿಂದ 2025ರ ಜನವರಿ 1ರಿಂದ ಅವರ ಬರಹಗಳು ಸರ್ವರ ಸ್ವತ್ತಾಗಿವೆ. ಅವುಗಳ ಪ್ರತಿ ತೆಗೆಯಲು, ಹಂಚಲು ಈಗ ಯಾವ ಕೃತಿಸ್ವಾಮ್ಯದ ತಡೆಯೂ ಇಲ್ಲ. ಅಂಚೆಯ ವೆಚ್ಚವೂ ಹೊರೆಯಾಗಬೇಕಾಗಿಲ್ಲ. 2025ರ ಮೇ 1ರಂದು ಅಂಚೆ ಇಲಾಖೆಯು ಗ್ರಂಥಗಳಿಗಾಗಿ ‘ಜ್ಞಾನ ಪೋಸ್ಟ್’ ಎಂಬ ಸೇವೆಯನ್ನು ಆರಂಭಿಸಿತು. 300 ಗ್ರಾಂವರೆಗೆ 20 ರೂಪಾಯಿ, 5 ಕಿಲೋವರೆಗೆ 100 ರೂಪಾಯಿ ಮತ್ತು ತೆರಿಗೆ ಎಂಬುದು ಆಗ ಗೊತ್ತುಪಡಿಸಿದ ದರ.

ಹಳಕಟ್ಟಿಯವರು ಒಬ್ಬರೇ ತಿರುಗಿ ಸಂಗ್ರಹಿಸಿದರು. ಅಂದು ಮನೆತನಗಳು ಬಾಗಿಲು ತೆರೆದುದರಿಂದಲೇ ವಚನಗಳು ನಾಡಿಗೆ ದೊರೆತವು. ಓಲೆಗರಿಗೆ ಗೆದ್ದಲು ಕಾಯುವುದಿಲ್ಲ. ಮಸಿ ಮಾಸುವುದಕ್ಕೆ ಯಾರ ಅನುಮತಿಯೂ ಬೇಕಾಗಿಲ್ಲ. ಜಗಲಿಯ ಮೇಲೆ ವಿಭೂತಿ ಹಚ್ಚಿ ಪೂಜಿಸಿದ ಕಟ್ಟು ಭಕ್ತಿಯ ಕುರುಹು ಹೌದು. ಅದೇ ಕಟ್ಟನ್ನು ಬಿಚ್ಚಿ, ಪಟ್ಟಿ ಮಾಡಿ, ಅದರ ಪ್ರತಿಯನ್ನು ಬೇಡಿದವರಿಗೆ ಒದಗಿಸಿದಾಗ ಆ ಭಕ್ತಿಯು ದಾಸೋಹವಾಗುತ್ತದೆ. ಕಿಣ್ಣಿ ಸುಲ್ತಾನದ ವಿದ್ಯಾರ್ಥಿಯು ಜೇವರ್ಗಿಯ ಶರಣರನ್ನು ಓದಲು ಅನ್ಯರ ಊರನ್ನು ಕಾಯದಿರುವ ದಿನವು ವಿಶ್ವವಿದ್ಯಾಲಯ ಮತ್ತು ಮಠಗಳು ಒಂದೇ ಸೂಚಿಯಲ್ಲಿ ಕೂಡಿದಾಗ ಬಂದೀತು.