ಓಡಿಸೋಕೆ ಲಕ್ಷ, ನಿಲ್ಲಿಸೋಕೆ ಬಿಡಿಗಾಸಿಲ್ಲ!

ಸಂಜೆ ಏಳರ ಹೊತ್ತು. ಬನಶಂಕರಿ ಬಸ್ ನಿಲ್ದಾಣದ ಮುಂದೆ ಜನವೋ ಜನ. ಹೂವಿನಾಕೆ ಮೊಳ ಹಾಕುತ್ತಿದ್ದಾಳೆ. ಬಾಳೆಹಣ್ಣಿನ ಗಾಡಿಯವ ಚಿಲ್ಲರೆ ಎಣಿಸುತ್ತಿದ್ದಾನೆ. ಅಷ್ಟರಲ್ಲಿ ಸಿಗ್ನಲ್ ಕಡೆಯಿಂದ 'ಢರ್ರ್' ಅಂತ ಒಂದು ಸದ್ದು. ಲಾರಿಯೋ ಬುಲೆಟ್ಟೋ ಅಂತ ತಿರುಗಿ ನೋಡಿದರೆ, ಒಂದು ಪುಟಾಣಿ ಕಾರು! ಹೊಟ್ಟೆ ನೆಲಕ್ಕೆ ತಾಗುವಷ್ಟು ತಗ್ಗು. ಹಿಂದೆ ಬಚ್ಚಲ ಒಲೆಯ ಹೊಗೆ ಕೊಳವೆಯಂಥ ಸೈಲೆನ್ಸರ್. ದೀಪ ಹಸಿರಾಯಿತೋ ಇಲ್ಲವೋ, ಚಂಗನೆ ಹಾರಿತು. ಎಲ್ಲಿಗೆ ಅಂತೀರಿ? ಇನ್ನೂರು ಗಜ ಮುಂದೆ ನಿಂತಿದ್ದ ಬಿಎಂಟಿಸಿ ಬಸ್ಸಿನ ಬೆನ್ನ ಹಿಂದಕ್ಕೆ!

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿ.ಟಿ.ಎಂ. ಲೇಔಟ್ ಕಡೆ ಅಂಗಡಿ ಇಟ್ಟವರಿಗೆ, ಬಸ್ಸಿಗೆ ಕಾಯುವವರಿಗೆ ಈ ನೋಟ ಹೊಸದೇನಲ್ಲ. ಗಿರಾಕಿ ಹೇಳಿದ್ದು ಕಾಲು ಕೆಜಿಯೋ ಅರ್ಧ ಕೆಜಿಯೋ ಕೇಳಿಸದೆ ಮತ್ತೊಮ್ಮೆ ಕೇಳಬೇಕಾಗುತ್ತದೆ, ಅಷ್ಟೇ. ಆದರೆ ಈ ಹ್ಯಾಚ್‌ಬ್ಯಾಕ್ ಎಂಬ ಗಿಡ್ಡ ಕಾರುಗಳ ಹೊಟ್ಟೆಯೊಳಗೆ ಏನೇನು ತುರುಕುತ್ತಾರೆ, ಅದರಿಂದ ಕಾರು ನಿಜಕ್ಕೂ ಜೋರಾಗುತ್ತದೆಯೇ, ಆದರೆ ಯಾರ ಮೈಮೇಲೆ ಬರುತ್ತದೆ ಅನ್ನುವುದು ಸ್ವಲ್ಪ ವಿಚಾರಿಸಬೇಕಾದ ಸಂಗತಿ.

ಎಂಟ್ನೂರರ ಕಾಲ

ಈ ಚಟ ಇಂದಿನದಲ್ಲ. 1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ಐವತ್ತು ಸಾವಿರದ ಆಸುಪಾಸಿನ ಬೆಲೆ, 796 ಸಿ.ಸಿ.ಯ ಮೂರು ಸಿಲಿಂಡರ್ ಎಂಜಿನ್, ಅಶ್ವಶಕ್ತಿ ನಲವತ್ತು ಮುಟ್ಟುತ್ತಿರಲಿಲ್ಲ. ಆದರೆ ಕಾರಿನ ತೂಕ ಆರುನೂರೈವತ್ತು ಕೆಜಿ ಆಜುಬಾಜು! ಫಿಯೆಟ್, ಅಂಬಾಸಿಡರ್ ಓಡಿಸಿದವರಿಗೆ ಅದು ಕರುವಿನಂತೆ ಕುಣಿಯುವ ಗಾಡಿ. ಕೈ ಪಳಗಿದ ಮೇಸ್ತ್ರಿಗಳಿಗೆ ಇನ್ನೇನು ಬೇಕು? ಕಾರ್ಬೊರೇಟರ್ ಬಿಚ್ಚಿ ಸರಿಮಾಡಿದರು, ಹೆಡ್ ಕೆತ್ತಿಸಿದರು. ಕೊನೆಗೆ ಜಿಪ್ಸಿ, ಎಸ್ಟೀಮ್‌ಗಳ 1,298 ಸಿ.ಸಿ. ಎಂಜಿನ್ನನ್ನೇ ತಂದು 800ರ ಬಾನೆಟ್ ಕೆಳಗೆ ಕೂರಿಸಿದರು. ಆ ಎಂಜಿನ್ನಿಗೆ ಮಾದರಿ ನೋಡಿಕೊಂಡು 60ರಿಂದ 85 ಅಶ್ವಶಕ್ತಿ. ಇಲಿಮರಿಗೆ ಹುಲಿಯ ಗುಂಡಿಗೆ ಕಟ್ಟಿದ ಹಾಗೆ.

ಅದರಲ್ಲಿ ವಿದ್ಯೆ ಇರಲಿಲ್ಲ ಅಂತಲ್ಲ. ಕೊಯಮತ್ತೂರಿನ ಎಸ್. ಕರಿವರ್ಧನ್ ಇದೇ 800ರ ಎಂಜಿನ್ನಿಟ್ಟು ಒಂಟಿ ಸೀಟಿನ ರೇಸ್ ಕಾರು ಕಟ್ಟಿದರು. 'ಫಾರ್ಮುಲಾ ಮಾರುತಿ' ಅಂತ ಹೆಸರಾಯಿತು. 2005ರಲ್ಲಿ ಭಾರತದಿಂದ ಮೊದಲಿಗೆ ಫಾರ್ಮುಲಾ ಒನ್ ಮೆಟ್ಟಿಲು ಹತ್ತಿದ ನರೇನ್ ಕಾರ್ತಿಕೇಯನ್ ರೇಸಿಗೆ ಕಾಲಿಟ್ಟದ್ದೂ ಅದೇ ಕಾರಿನಲ್ಲಿ. ಆ ಕಾರು ಓಡಿದ್ದು ಮಾತ್ರ ರೇಸ್ ಟ್ರ್ಯಾಕಿನಲ್ಲಿ, ಸಾರಕ್ಕಿ ಸಿಗ್ನಲ್ಲಿನಲ್ಲಿ ಅಲ್ಲ.

2010ರ ಏಪ್ರಿಲ್‌ನಲ್ಲಿ ಹೊಗೆಯ ಹೊಸ ಕಾನೂನು ಬಂದಾಗ ಬೆಂಗಳೂರಿನಲ್ಲಿ ಹೊಸ 800ರ ಮಾರಾಟ ನಿಂತಿತು. 2014ರ ಜನವರಿಯಲ್ಲಿ ತಯಾರಿಕೆಯೇ ನಿಂತಿತು. ಅಷ್ಟರಲ್ಲಿ ಝೆನ್ ಬಂದು ಹೋಗಿತ್ತು. 2005ರಲ್ಲಿ ಸ್ವಿಫ್ಟ್, 2010ರಲ್ಲಿ ಪೋಲೊ ಬಂದವು. ಈಗ ಹಳೇ ಸ್ವಿಫ್ಟ್, ಹಳೇ ಪೋಲೊ ಕೊಂಡ ಹುಡುಗರದೇ ದರ್ಬಾರು. ಮೊದಲ ಸಂಬಳ, ಎರಡನೇ ಕೈ ಕಾರು, ಮೂರನೇ ವಾರಕ್ಕೆ ಜೆ.ಸಿ. ರಸ್ತೆ!

ಹೌದು, ಮಿನರ್ವ ಸರ್ಕಲ್ಲಿನಿಂದ ಟೌನ್‌ಹಾಲ್ ಕಡೆ ಚಾಚಿಕೊಂಡ ಆ ಜೆ.ಸಿ. ರಸ್ತೆಯಲ್ಲಿ ಸಿಗದ ಸಾಮಾನಿಲ್ಲ. ಅಲ್ಲಿ ಕೊಳ್ಳುವುದು, ಇಲ್ಲಿ ಬಡಾವಣೆಯ ಸಂದಿಯ ಶೆಡ್ಡಿನಲ್ಲಿ ಹಾಕಿಸಿಕೊಳ್ಳುವುದು. ಶನಿವಾರ ಬಂತೆಂದರೆ ಶೆಡ್ಡಿನ ಮುಂದೆ ಸಾಲು.

ಸದ್ದಿಗೆ ವೇಗವಿಲ್ಲ

ಮೊದಲು ಬದಲಾಗುವುದು ಸೈಲೆನ್ಸರ್. ಕಾರಣ ಸರಳ, ಅದು ಕಿವಿಗೆ ಕೇಳಿಸುತ್ತದೆ. ಎಂಜಿನ್ನಿನ ಹೊಗೆ ಸಲೀಸಾಗಿ ಹೋದರೆ ಶಕ್ತಿ ಹೆಚ್ಚುತ್ತದೆ ಎಂಬ ಮಾತು ಪೂರ್ತಿ ಸುಳ್ಳಲ್ಲ. ಆದರೆ ಟರ್ಬೊ ಇಲ್ಲದ ಚಿಕ್ಕ ಪೆಟ್ರೋಲ್ ಎಂಜಿನ್ನಿಗೆ ಬಾಯಿ ಅಗಲದ ಕೊಳವೆ ಸಿಕ್ಕಿಸಿದರೆ ಎಷ್ಟೋ ಸಲ ತಗ್ಗಿನ ವೇಗದಲ್ಲಿ ಇದ್ದ ಎಳೆತವೂ ಹೋಗುತ್ತದೆ. ಸಿಗ್ನಲ್ಲಿನಿಂದ ಹೊರಡುವಾಗ ಬೇಕಾದ್ದೇ ಆ ಎಳೆತ. ಹಾಗಾಗಿ ಕಾರು ಹಿಂದಿಗಿಂತ ಮಂದವಾಗಿ, ಹಿಂದಿಗಿಂತ ಜೋರಾಗಿ ಕಿರುಚುತ್ತದೆ. ಕೆಲವರು ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನೇ ಕಿತ್ತೆಸೆಯುತ್ತಾರೆ. ಅದರೊಳಗೆ ಪ್ಲಾಟಿನಂ ಜಾತಿಯ ದುಬಾರಿ ಲೋಹ ಇದೆ. ಹಳೇದನ್ನು ವಾಪಸು ಕೇಳಿ ಮನೆಗೆ ಒಯ್ಯುವ ಗಿರಾಕಿ ಎಷ್ಟು ಜನವೋ!

ಆಮೇಲೆ ಗಾಳಿ ಜಾಲರಿ. ಡಬ್ಬಿ ತೆಗೆದು ಅಣಬೆಯಂಥ ಬತ್ತಲೆ ಫಿಲ್ಟರ್ ಹಾಕುತ್ತಾರೆ. ಅದು ಎಳೆದುಕೊಳ್ಳುವುದು ಎಂಜಿನ್ ಪಕ್ಕದ ಬಿಸಿ ಗಾಳಿಯನ್ನು. ಬಿಸಿ ಗಾಳಿ ತೆಳು, ಅಂದರೆ ಶಕ್ತಿ ಕಮ್ಮಿ. ಕಂಪನಿಯವರು ತಂಪು ಗಾಳಿಗೆಂದು ಮುಂದಿನಿಂದ ಎಳೆದು ತಂದಿದ್ದ ಕೊಳವೆ ಶೆಡ್ಡಿನ ಮೂಲೆ ಸೇರಿರುತ್ತದೆ.

ಮೂರನೆಯದು ಚಕ್ರ. 800ರ 145/70 ಅಳತೆಯ 12 ಇಂಚಿನ ಟೈರ್ ತೆಗೆದು 155/70ರ 13 ಇಂಚಿನದು ಹಾಕಿದರೆ ಚಕ್ರದ ವ್ಯಾಸ ನೂರಕ್ಕೆ ಸುಮಾರು ಎಂಟರಷ್ಟು ಹೆಚ್ಚುತ್ತದೆ. ಮೀಟರಿನಲ್ಲಿ 60 ಅಂತ ತೋರಿಸುವಾಗ ಕಾರು ನಿಜಕ್ಕೂ 65ರ ಹತ್ತಿರ ಓಡುತ್ತಿರುತ್ತದೆ. ಮೇಲಾಗಿ ದೊಡ್ಡ ಚಕ್ರ ತಿರುಗಿಸಲು ಎಂಜಿನ್ ಹೆಚ್ಚು ಒದ್ದಾಡಬೇಕು, ಪಿಕಪ್ ಕುಗ್ಗುತ್ತದೆ. ನೋಡಲು ಮಾತ್ರ ಭರ್ಜರಿ.

ಸ್ಪ್ರಿಂಗ್ ಕತ್ತರಿಸಿ ಕಾರು ತಗ್ಗಿಸುವ ಕೆಲಸವಂತೂ ತೀರಾ ಅಪಾಯದ್ದು. ಕೊಯ್ದ ಸ್ಪ್ರಿಂಗ್ ತನ್ನ ಬಟ್ಟಲಿನಲ್ಲಿ ಸರಿಯಾಗಿ ಕೂರುವುದಿಲ್ಲ, ಗುಂಡಿಯಲ್ಲಿ ಚಕ್ರ ಜೋತು ಬಿದ್ದಾಗ ಜಾರುತ್ತದೆ. ಹೇಳಿ ಕೇಳಿ ನಮ್ಮದು ಹಂಪುಗಳ ಊರು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದಂತೆ ಹಂಪು 10 ಸೆಂಟಿಮೀಟರ್ ಎತ್ತರ, 3.7 ಮೀಟರ್ ಅಗಲ ಇರಬೇಕು. 25 ಕಿ.ಮೀ. ವೇಗದಲ್ಲಿ ದಾಟಲೆಂದು ಆ ಲೆಕ್ಕ. ನಮ್ಮ ಅಡ್ಡರಸ್ತೆಗಳಲ್ಲಿ ರಾತ್ರೋರಾತ್ರಿ ಎದ್ದು ನಿಂತ ಹಂಪುಗಳಿಗೆ ಯಾವ ಕಾಂಗ್ರೆಸ್ಸೂ ಇಲ್ಲ. ಹದಿನಾರು ಹದಿನೇಳು ಸೆಂಟಿಮೀಟರ್ ಎತ್ತರದ ಕಾರನ್ನು ನಾಲ್ಕು ಸೆಂಟಿಮೀಟರ್ ತಗ್ಗಿಸಿದವ ಜೆ.ಪಿ. ನಗರದ ಪ್ರತಿ ಕ್ರಾಸಿನಲ್ಲೂ ಕಾರನ್ನು ಓರೆಯಾಗಿ, ಮೊದಲ ರಾತ್ರಿಯ ಮದುಮಗಳಂತೆ ನಾಚಿಸಿಕೊಂಡು ದಾಟಿಸುತ್ತಾನೆ. ಹಿಂದಿನ ಆಟೋದವ ಕೊಡುವ ಆಶೀರ್ವಾದ ಇಲ್ಲಿ ಅಚ್ಚು ಹಾಕುವಂಥದ್ದಲ್ಲ.

ನಿಜವಾಗಿ ಕೆಲಸ ಮಾಡುವುದು ಕಂಪ್ಯೂಟರ್ ಮಂತ್ರ. ಎಂಜಿನ್ನಿಗೆ ಎಷ್ಟು ಇಂಧನ, ಯಾವಾಗ ಕಿಡಿ, ಟರ್ಬೊಗೆ ಎಷ್ಟು ಒತ್ತಡ ಅಂತ ಹೇಳುವ ಡಬ್ಬಿಯ ಲೆಕ್ಕವನ್ನೇ ತಿದ್ದುವುದು. ಟರ್ಬೊ ಇಲ್ಲದ ಪೆಟ್ರೋಲ್ ಕಾರಿಗೆ ಇದರಿಂದ ಸಿಗುವುದು ಉಪ್ಪಿನಕಾಯಿಯಷ್ಟು. ಟರ್ಬೊ ಇರುವ ಡೀಸೆಲ್, ಪೆಟ್ರೋಲ್ ಕಾರುಗಳಿಗೆ ಮಾತ್ರ ಊಟದಷ್ಟು. ಸಮಸ್ಯೆ ಶುರುವಾಗುವುದೂ ಅಲ್ಲೇ. ಕ್ಲಚ್ಚು, ಗೇರುಪೆಟ್ಟಿಗೆ ಹಳೇ ಶಕ್ತಿಯ ಲೆಕ್ಕದವು. ಬ್ರೇಕೂ ಹಳೇ ಲೆಕ್ಕದ್ದೇ.

ಬಸ್ಸಿನ ಲೆಕ್ಕ

ಇಲ್ಲಿ ಒಂದು ಲೆಕ್ಕ ನೋಡಿ. ಒಣ ರಸ್ತೆ, ಒಳ್ಳೆ ಟೈರ್, ಚಾಲಕನಿಗೆ ಬ್ರೇಕ್ ತುಳಿಯಲು ಒಂದು ಸೆಕೆಂಡು ಅಂತಿಟ್ಟುಕೊಳ್ಳಿ. ಗಂಟೆಗೆ 60 ಕಿ.ಮೀ. ವೇಗದ ಕಾರು ನಿಲ್ಲಲು ಸುಮಾರು 37 ಮೀಟರ್ ಬೇಕು. ದೊಡ್ಡ ಬಿಎಂಟಿಸಿ ಬಸ್ಸಿನ ಉದ್ದ ಹನ್ನೆರಡು ಮೀಟರ್ ಆಸುಪಾಸು, ಅಂದರೆ ಮೂರು ಬಸ್ಸು. ಅದೇ ಕಾರು 100ರಲ್ಲಿದ್ದರೆ? ಸುಮಾರು 84 ಮೀಟರ್, ಏಳು ಬಸ್ಸು! ಇನ್ನೂ ಒಂದು ಮಾತು. 60ರ ಕಾರು ಪೂರ್ತಿ ನಿಂತ ಆ ಜಾಗಕ್ಕೆ ಬರುವಾಗ 100ರ ಕಾರು ಇನ್ನೂ 90ಕ್ಕಿಂತ ಹೆಚ್ಚು ವೇಗದಲ್ಲೇ ಇರುತ್ತದೆ. ವೇಗ ದುಪ್ಪಟ್ಟಾದರೆ ಬ್ರೇಕು ನುಂಗಬೇಕಾದ ಶಕ್ತಿ ನಾಲ್ಕು ಪಟ್ಟು ಎಂಬುದು ಹೈಸ್ಕೂಲು ಪಾಠ.

ಆ ಜಾಗದಲ್ಲಿ ಯಾರಿರುತ್ತಾರೆ? ಬಸ್ ಇಳಿದು ರಸ್ತೆ ದಾಟುವವರು. ಬೆಳಗಿನ ವಾಕಿಂಗ್ ಮುಗಿಸಿ ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಸೊಪ್ಪು ಕೊಳ್ಳಲು ನಿಂತ ತಾತಂದಿರು. ಫುಟ್‌ಪಾತಿನಲ್ಲಿ ಜಾಗ ಸಿಗದೆ ರಸ್ತೆಗಿಳಿದ ಶಾಲೆ ಮಕ್ಕಳು.

ಬಿ.ಟಿ.ಎಂ. ಪಕ್ಕದ ಕೋರಮಂಗಲದಲ್ಲಿ 2021ರ ಆಗಸ್ಟ್ 31ರ ನಡುರಾತ್ರಿ ಕಳೆದ ಮೇಲೆ ಓಡಿಬಂದ ಕಾರೊಂದು ಫುಟ್‌ಪಾತಿಗೆ ಹತ್ತಿ ಅಪ್ಪಳಿಸಿ, ಒಳಗಿದ್ದ ಏಳು ಮಂದಿ ಎಳೆಯರೂ ಸತ್ತರು. ಅದು ಗಿಡ್ಡ ಕಾರೇನಲ್ಲ, ಜರ್ಮನಿಯ ಹೆಸರಾಂತ ಕಂಪನಿಯ ದೊಡ್ಡ ಕಾರು. ಅಂಥದ್ದಕ್ಕೇ ಆ ಗತಿಯಾದರೆ, ಮುಂದೆ ಡಿಸ್ಕ್, ಹಿಂದೆ ಡ್ರಮ್ ಬ್ರೇಕಿನ ಹಳೇ ಪುಟಾಣಿಯ ಪಾಡೇನು?

ಶೆಡ್ಡಿನ ಬಿಲ್ಲುಗಳಲ್ಲಿ ಬ್ರೇಕಿನ ಸಾಲು ಕಾಣುವುದೇ ಅಪರೂಪ. ಕಾರಣ, ಬ್ರೇಕು ಸದ್ದು ಮಾಡುವುದಿಲ್ಲ, ಫೋಟೋದಲ್ಲೂ ಬೀಳುವುದಿಲ್ಲ. ದೊಡ್ಡ ಡಿಸ್ಕು ಹಾಕಿಸಿದರೆ ಆಯಿತು ಅನ್ನುವಂತೆಯೂ ಇಲ್ಲ. ಕೊನೆಗೆ ಕಾರನ್ನು ಹಿಡಿದು ನಿಲ್ಲಿಸುವುದು ಅಂಗೈ ಅಗಲದ ನಾಲ್ಕು ತುಂಡು ರಬ್ಬರು. ಟೈರು ಗಟ್ಟಿಯಾಗಿ ಕಲ್ಲಾಗಿದ್ದರೆ ಎಂಥ ಡಿಸ್ಕೂ ದಂಡ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ವರ್ಷಗಟ್ಟಲೆ ಬದಲಿಸದ ಆಯಿಲ್ ಮೇಲಿಂದ ಮೇಲೆ ಬ್ರೇಕ್ ತುಳಿದಾಗ ಕುದಿದು ಗುಳ್ಳೆ ಕಟ್ಟುತ್ತದೆ, ಪೆಡಲು ಸ್ಪಂಜಿನಂತೆ ಕೆಳಗಿಳಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ ಅನ್ನುವುದು ಬಲ್ಲವರ ಮಾತು. ಒಂದು ಸೈಲೆನ್ಸರಿನ ದುಡ್ಡಿನಲ್ಲಿ ಈ ಕೆಲಸ ಎಷ್ಟು ಸಲ ಆದೀತು, ನೀವೇ ಭಾಗಿಸಿ.

ಎರಡೂವರೆ ನಿಮಿಷದ ಲಾಭ

ಸರಿ, ಇಷ್ಟೆಲ್ಲ ಮಾಡಿ ಗಳಿಸಿದ್ದೇನು? ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್ ತನಕದ ಡಬಲ್ ಡೆಕ್ಕರ್ ಮೇಲ್ಸೇತುವೆ 2024ರ ಜುಲೈನಲ್ಲಿ ಓಡಾಟಕ್ಕೆ ಬಿಟ್ಟಿತು. ಉದ್ದ ಮೂರು ಕಾಲು ಕಿ.ಮೀ. ಚಿಲ್ಲರೆ. 40ರಲ್ಲಿ ಹೋದವನಿಗೆ ಐದು ನಿಮಿಷ, 80ರಲ್ಲಿ ಹಾರಿದವನಿಗೆ ಎರಡೂವರೆ ನಿಮಿಷ. ಉಳಿದ ಎರಡೂವರೆ ನಿಮಿಷವನ್ನು ಸಿಲ್ಕ್ ಬೋರ್ಡಿನ ವಾಹನ ಸಾಗರ ಬಡ್ಡಿ ಸಮೇತ ವಸೂಲಿ ಮಾಡುತ್ತದೆ. ಮೇಲ್ಸೇತುವೆಯ ನೆತ್ತಿಯ ಮೇಲೆ 2025ರ ಆಗಸ್ಟ್‌ನಿಂದ ಓಡುತ್ತಿರುವ ಹಳದಿ ಮಾರ್ಗದ ಮೆಟ್ರೋದಲ್ಲಿ ಕೂತವರು ಆ ಹೊತ್ತಿಗೆ ಬೊಮ್ಮನಹಳ್ಳಿ ಕಡೆ ಸಾಗಿರುತ್ತಾರೆ.

ಕಾನೂನು ಏನನ್ನುತ್ತದೆ? 2019ರ ಜನವರಿಯಲ್ಲಿ ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಖಡಾಖಂಡಿತವಾಗಿ ಹೇಳಿತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ತಯಾರಕರು ಮೂಲದಲ್ಲಿ ಕೊಟ್ಟ ವಿವರಕ್ಕೆ ಭಿನ್ನವಾಗುವ ಹಾಗೆ ವಾಹನ ಬದಲಿಸುವಂತಿಲ್ಲ. ಅದೇ ವರ್ಷದ ತಿದ್ದುಪಡಿಯಲ್ಲಿ 182-ಎ ಕಲಂ ಬಂತು. ಕಾನೂನು ಒಪ್ಪದ ಬದಲಾವಣೆ ಮಾಡಿದ ಮಾಲೀಕನಿಗೆ ಆರು ತಿಂಗಳ ತನಕ ಜೈಲು, ಇಲ್ಲವೇ ಐದು ಸಾವಿರ ದಂಡ, ಇಲ್ಲವೇ ಎರಡೂ. ದಂಡ ಕಾರಿಗೆ ಒಂದಲ್ಲ, ಒಂದೊಂದು ಬದಲಾವಣೆಗೂ ಐದೈದು ಸಾವಿರ! ಸೈಲೆನ್ಸರ್, ಸ್ಪ್ರಿಂಗ್, ಕೊಯ್ದು ಹಾಕಿದ ಬಂಪರ್, ಬದಲಿಸಿದ ಎಂಜಿನ್ ಅಂತ ಎಣಿಸಿದರೆ ಇಪ್ಪತ್ತು ಸಾವಿರ. ಸದ್ದು, ಹೊಗೆಯ ಕೇಸು ಬೇರೆ, ರಸ್ತೆಯಲ್ಲಿ ರೇಸ್ ಮಾಡಿದ ಕೇಸು ಮತ್ತೂ ಬೇರೆ.

ಎಂಜಿನ್ ಬದಲಿಸಿದವರದು ಇನ್ನೂ ಫಜೀತಿ. ಆರ್.ಸಿ.ಯಲ್ಲಿ ಇರುವುದು ಹಳೇ ಎಂಜಿನ್ ನಂಬರು. ಆರ್‌ಟಿಒ ಅನುಮತಿ ಇಲ್ಲದಿದ್ದರೆ ಕೆ.ಎ. 05 ಬೋರ್ಡು ಹೊತ್ತ ಆ ಕಾರು ಕಾಗದದ ಲೆಕ್ಕದಲ್ಲಿ ಬೇರೆಯದೇ ಕಾರು. ಅಪಘಾತವಾದಾಗ ವಿಮಾ ಕಂಪನಿಯ ಸರ್ವೇಯರ್ ಮೊದಲು ನೋಡುವುದು ಇಂಥದ್ದನ್ನೇ. ತಿಳಿಸದೆ ಮಾಡಿದ ಬದಲಾವಣೆ ಕಂಡರೆ ಕ್ಲೇಮು ತಕರಾರಿಗೆ ಬೀಳುತ್ತದೆ. ಗಾಯಗೊಂಡ ಮೂರನೆಯವನಿಗೆ ಪರಿಹಾರ ಕೊಟ್ಟು ಆಮೇಲೆ ಮಾಲೀಕನ ಹತ್ತಿರ ವಸೂಲಿಗೆ ಬರುವುದೂ ಉಂಟು. ಆ ಹೊತ್ತಿಗೆ ಶೆಡ್ಡಿನವನ ಗ್ಯಾರಂಟಿ ನೆನಪಿಗೆ ಬಂದು ಪ್ರಯೋಜನವಿಲ್ಲ.

ಹಾಗಾದರೆ ವೇಗದ ಆಸೆ ಇರುವವರು ಸನ್ಯಾಸಿಗಳಾಗಬೇಕೆ? ಬೇಡ. ಮದ್ರಾಸ್ ರಸ್ತೆಯಲ್ಲಿ ಮುನ್ನೂರು ಕಿ.ಮೀ. ಆಸುಪಾಸು ಹೋದರೆ ಶ್ರೀಪೆರಂಬದೂರಿನ ಹತ್ತಿರ ಇರುಂಗಾಟ್ಟುಕೋಟೈ ಟ್ರ್ಯಾಕ್ ಇದೆ, 1990ರಿಂದಲೂ. ಕೊಯಮತ್ತೂರಿನಲ್ಲಿ ಕರಿವರ್ಧನ್ ಹೆಸರಿನದೇ ಇನ್ನೊಂದಿದೆ. ನಮ್ಮ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ‍್ಯಾಲಿ ಹೆಸರಾದದ್ದು. ಅಲ್ಲಿ ಇವೇ ಗಿಡ್ಡ ಕಾರುಗಳು ಓಡುತ್ತವೆ. ಆದರೆ ಒಳಗೆ ಕಬ್ಬಿಣದ ಪಂಜರ, ತಲೆಗೆ ಹೆಲ್ಮೆಟ್, ಎದೆಗೆ ಅಡ್ಡಡ್ಡ ಬೆಲ್ಟು, ಕೈಯಲ್ಲಿ ಲೈಸೆನ್ಸು, ಎದುರಿಗೆ ಜನವಿಲ್ಲದ ಹಾದಿ. ಇಷ್ಟು ದೊಡ್ಡ ಊರಿಗೆ ತನ್ನದೇ ಒಂದು ಪೂರ್ಣ ಪ್ರಮಾಣದ ಕಾರ್ ಟ್ರ್ಯಾಕ್ ಇಲ್ಲದಿರುವುದು ಹುಡುಗರ ತಪ್ಪಲ್ಲ ಅನ್ನುವುದನ್ನೂ ಒಪ್ಪಬೇಕು.

ಬೀದಿಯಲ್ಲೇ ಓಡಿಸುವವರಿಗೆ ಒಳ್ಳೆ ಮೇಸ್ತ್ರಿ ಹೇಳುವ ಕೆಲಸಗಳು ಬೋರು ಹೊಡೆಸುವಂಥವು. ಸ್ಪಾರ್ಕ್ ಪ್ಲಗ್, ಗಾಳಿ ಫಿಲ್ಟರ್ ಹೊಸದು ಹಾಕಿ. ಚಕ್ರದ ಅಲೈನ್‌ಮೆಂಟ್ ಸರಿಮಾಡಿಸಿ. ಸತ್ತ ಶಾಕ್ ಅಬ್ಸಾರ್ಬರ್ ಬದಲಿಸಿ. ಬ್ರೇಕ್ ಪ್ಯಾಡು, ಆಯಿಲ್ ನೋಡಿ. ಟೈರ್ ಬದಲಿಸುವುದಾದರೆ ಅದೇ ಮಾದರಿಯ ಮೇಲ್ದರ್ಜೆ ಕಾರಿಗೆ ಕಂಪನಿಯೇ ಕೊಟ್ಟ ಅಳತೆ ಹಾಕಿಸಿ. ಹತ್ತು ವರ್ಷದ ಸ್ವಿಫ್ಟ್ ಇಷ್ಟರಲ್ಲೇ ಮತ್ತೆ ಪ್ರಾಯಕ್ಕೆ ಬಂದಂತೆ ಓಡುತ್ತದೆ. ಸದ್ದು ಮಾತ್ರ ಇರುವುದಿಲ್ಲ.

ಟೈರಿನ ಪಕ್ಕೆಯಲ್ಲಿ ನಾಲ್ಕಂಕಿಯ ಒಂದು ಗುರುತು ಇರುತ್ತದೆ. 2316 ಅಂತಿದ್ದರೆ 2016ರ 23ನೇ ವಾರ ತಯಾರಾದದ್ದು ಅಂತ ಅರ್ಥ. ಮುಂದಿನ ಸಲ ಸಿಗ್ನಲ್ಲಿನಲ್ಲಿ ಢರ್ರ್ ಅನ್ನುವ ಕಾರು ನಿಮ್ಮ ಪಕ್ಕ ನಿಂತರೆ ಸ್ವಲ್ಪ ಬಗ್ಗಿ ಆ ನಾಲ್ಕಂಕಿ ಓದಿ. ಫುಟ್‌ಪಾತಿನ ಮೇಲೆ ನಿಂತುಕೊಂಡೇ.